ಪೌಡರ್ ಹಚ್ಚಿಕೊಂಡ ವಾಕಿಂಗ್

ಶನಿವಾರ ಸಂಜೆ ಉಜ್ಜಿನಪ್ಪ ಹೆಂಡತಿಯ ಹೊಸ ಪೌಡರ್ ಡಬ್ಬಿಯನ್ನು ಮೆಲ್ಲಗೆ ಚೀಲಕ್ಕೆ ಇಳಿಸಿದ್ದನ್ನು ಪಕ್ಕದ ಮನೆಯ ಜಂಬಮ್ಮ ಕಿಟಕಿಯಿಂದ ನೋಡಿಬಿಟ್ಟಳು. ಅವನು ಹೊಸ್ತಿಲು ದಾಟುವಷ್ಟರಲ್ಲಿ ಆಕೆ ಅಂಗಳದಲ್ಲಿದ್ದಳು.

"ಯಾವ ಕಡಿ ಹೊಂಟೀರಿ?"

"ವಾಕಿಂಗಿಗ್ರಿ."

"ಪೌಡರ್ ಹಿಡ್ಕೊಂಡು?"

"ಬೆವರು ಬರ್ತೈತ್ರಿ."

"ಅಂಗಿ ತೋಳಿಗೆ ನೀಲಿ ಯಾಕ ಹತ್ತೈತಿ?"

"ಮಿಲ್ಲಿನ ಮಸಿ" ಎಂದವನೇ ಉಜ್ಜಿನಪ್ಪ ಹಗ್ಗ ಬಿಚ್ಚಿದ ಕರುವಿನಂತೆ ದಾಪುಗಾಲು ಹಾಕಿದ.

ಹತ್ತಿ ಮಿಲ್ಲಿನ ಈ ಗುಮಾಸ್ತ ನಿಜವಾಗಿ ಹೋಗುತ್ತಿದ್ದುದು ಬ್ರೂಸ್‌ಪೇಟೆಯಲ್ಲಿದ್ದ ರಂಗಣ್ಣನ ಬಿಲಿಯರ್ಡ್ಸ್ ಹಾಲಿಗೆ, ಸ್ನೂಕರ್ ಅಭ್ಯಾಸಕ್ಕೆ. ಅದು ಮನೆ ಹಾಳು ಮಾಡುವ ಆಟವೆಂದು ಕುರುಗೋಡಿನ ಮಾವ ಗಟ್ಟಿಯಾಗಿ ನಂಬಿದ್ದರಿಂದ ಹೆಂಡತಿ ಕೊಟ್ರಬಸಮ್ಮನಿಗೂ ವಾಕಿಂಗ್ ಎಂದೇ ಹೇಳಿದ್ದ. ಆ ಹಾಲಿನಲ್ಲಿದ್ದ, ಚೆಂಡು ಹೊಡೆಯುವ ಕೋಲುಗಳು ನುಗ್ಗೆಕಾಯಿಯಂತೆ ಸೊಟ್ಟ, ಚಾಕ್ ಬಿಲ್ಲೆಗಳು ಇಲಿ ತಿಂದ ಬೆಲ್ಲದಂತೆ. ಹಾಗಾಗಿ ಅವನ ಸಾಮಾನೆಲ್ಲ ಸ್ವಂತದ್ದು. ಗುಂತಕಲ್ಲಿನ ರೈಲ್ವೆ ಗಾರ್ಡೊಬ್ಬರು ಕೊಟ್ಟ, ತಿರುಪು ಬಿಚ್ಚಿದರೆ ಎರಡಾಗುವ ಕೋಲು. ಅದರ ತುದಿಗೆ ತಿಕ್ಕಲು ನೀಲಿ ಚಾಕ್. ಒರೆಸಲು ಹಳೇ ಧೋತರದ ತುಂಡು. ಬಳ್ಳಾರಿಯ ಸೆಕೆಗೆ ಬೆವರುವ ಬೆರಳುಗಳ ನಡುವೆ ಕೋಲು ಸಲೀಸಾಗಿ ಜಾರಬೇಕಾದರೆ ಪೌಡರಂತೂ ಬೇಕೇ ಬೇಕು. ಅವನದು ಖಾಲಿಯಾಗಿತ್ತು, ಇವತ್ತೇ ದೊಡ್ಡ ಪಂದ್ಯವಿತ್ತು.

ಅವಸರದಲ್ಲಿ ಡಬ್ಬಿಯ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಮನೆಯಿಂದ ಹಾಲಿನವರೆಗೂ ಚೀಲದ ತೂತಿನಿಂದ ಪೌಡರು ಸುರಿದು, ಅವನ ಮೈಗೂ ಮೆತ್ತಿ, ರಂಗೋಲಿಯ ಎಳೆಯಂತೆ ಬೀದಿಯುದ್ದಕ್ಕೂ ಬಿದ್ದದ್ದು ಅವನಿಗೆ ಗೊತ್ತೇ ಆಗಲಿಲ್ಲ.

"ಏನಪಾ, ಹಿಟ್ಟಿನ ಗಿರಣ್ಯಾಗ ಬಿದ್ದು ಬಂದಿಯೇನು?" ಎಂದು ಹಾಲಿನ ಬಾಗಿಲಲ್ಲೇ ನಕ್ಕ ವಿರೂಪಾಕ್ಷಪ್ಪ. ಇವನು ಸಿರುಗುಪ್ಪದ ರೈಸ್ ಮಿಲ್ಲಿನ ಸಾಹುಕಾರ. ಪ್ರತಿ ಶನಿವಾರ ಬಸ್ಸಿಳಿದು ಬಂದು ಬಳ್ಳಾರಿಯವರನ್ನೆಲ್ಲ ಸೋಲಿಸಿ, ಮೀಸೆ ತಿರುವಿ ಹೋಗುತ್ತಿದ್ದ.

ಇವತ್ತು ಮಾತ್ರ ಉಜ್ಜಿನಪ್ಪನ ಕೈಗೆ ಕಣ್ಣು ಬಂದಿತ್ತು. ಕೊನೆಗೆ ಮೇಜಿನ ಮೇಲೆ ಉಳಿದದ್ದು ಕಪ್ಪು ಚೆಂಡೊಂದೇ. ಅದನ್ನು ಬೀಳಿಸಿದವನೇ ಗೆದ್ದಂತೆ. ಉಜ್ಜಿನಪ್ಪ ಬಗ್ಗಿ, ಉಸಿರು ಬಿಗಿಹಿಡಿದು ಗುರಿಯಿಟ್ಟ.

ಬಾಗಿಲು ಧಡಾರನೆ ತೆರೆಯಿತು.

"ಎಲ್ಲದಾಳ್ರೀ ಆಕಿ?" ಕೊಟ್ರಬಸಮ್ಮನ ದನಿ. ಹಿಂದೆ ಸುದ್ದಿ ಮುಟ್ಟಿಸಿದ ಜಂಬಮ್ಮ, ಸುಂಕಲಮ್ಮ, ಅರ್ಧ ಓಣಿಯ ಹೆಂಗಸರು. ಪೌಡರಿನ ಎಳೆ ಹಿಡಿದೇ ಬಂದಿದ್ದರು.

ಈಗ ತಲೆ ಎತ್ತಿದರೆ ಜನ್ಮಕ್ಕೂ ಈ ಹೊಡೆತ ಸಿಗುವುದಿಲ್ಲ. "ತಡಿಯೇ, ಕರೇದು ಒಳಗ ಹೋಗ್ಲಿ!" ಎಂದು ಕಿರುಚಿದ ಉಜ್ಜಿನಪ್ಪ.

"ಯಾವಾಕೀನ್ರೀ ಒಳಗ ಕಳಸೋದು?" ಜಂಬಮ್ಮ ಸೆರಗು ಬಿಗಿದಳು.

ಟಕ್ ಎಂದಿತು. ಕಪ್ಪು ಚೆಂಡು ಮೇಜಿನಂಚಿಗೆ ಬಡಿದು, ಮೂಲೆಯ ತನಕ ಬಂದು, ಒಂದು ಕ್ಷಣ ಯೋಚಿಸಿ, ಪಾಕೆಟ್ಟಿಗೆ ಬಿತ್ತು. ಹಾಲಿಗೆ ಹಾಲೇ ಹೋ ಎಂದಿತು. ವಿರೂಪಾಕ್ಷಪ್ಪ ಬೆಂಚಿನ ಮೇಲೆ ಕುಸಿದ.

"ಅಕ್ಕಾರ, ಈ ಸಾಹುಕಾರನ್ನ ಇಲ್ಲೀತನಕ ಯಾರೂ ಸೋಲಿಸಿದ್ದಿಲ್ಲ. ನಿಮ್ಮ ಯಜಮಾನ್ರು ಹುಲಿ ಅದಾರ, ಹುಲಿ!" ಎಂದ ರಂಗಣ್ಣ.

ಕೊಟ್ರಬಸಮ್ಮ ಹಸಿರು ಮೇಜು ನೋಡಿದಳು, ನೀಲಿ ಚಾಕ್ ನೋಡಿದಳು, ಬೆಳ್ಳಗಾದ ಗಂಡನನ್ನು ನೋಡಿದಳು. ಕಣ್ಣಂಚಿನಲ್ಲಿದ್ದ ನೀರು ನಗುವಾಯಿತು. "ಇಷ್ಟಽ ಏನು? ಮೊದ್ಲಽ ಹೇಳಾಕ ಏನಾಗಿತ್ರೀ? ಅಪ್ಪಗ ನಾ ಹೇಳ್ತೀನಿ. ನಾಳಿಯಿಂದ ದಿನಾ ಬರ್ರಿ, ಚೀಲ ನಾನಽ ತುಂಬಿ ಕೊಡ್ತೀನಿ."

ಉಜ್ಜಿನಪ್ಪನಿಗೆ ಸ್ವರ್ಗ ಮೂರೇ ಗೇಣು. ಅಭಿನಂದನೆ ಸ್ವೀಕರಿಸಲು ಕೈ ಚಾಚಿ ತಿರುಗಿದ.

ಹೋ ಎಂದವರೆಲ್ಲ ಹೆಂಡಿರನ್ನು ಕಂಡು ಅಡಗಿದ್ದರು. ಮೇಜಿನ ಕೆಳಗಿಂದ ಸುಂಕಲಮ್ಮ ಗಂಡನ ಕಾಲು ಹಿಡಿದು ಎಳೆಯುತ್ತಿದ್ದಳು. "ಮಠದಾಗ ಭಜನಿ ಅಂದಿದ್ರಿ! ಇದೇನ್ರೀ ಭಜನಿ?" ಬಾಗಿಲ ಹಿಂದಿನಿಂದ ಓಬಣ್ಣ ಸಿಕ್ಕ, ಪರದೆಯೊಳಗಿಂದ ಪಕ್ಕೀರಪ್ಪ. ಒಬ್ಬೊಬ್ಬರೂ ಹೆಂಡಿರ ಹಿಂದೆ ತಲೆ ತಗ್ಗಿಸಿ ಹೊರಟರು. ಜಂಬಮ್ಮ ಸಾಹುಕಾರನತ್ತ ಕಣ್ಣು ಹಾಯಿಸಿ, "ನಮ್ಮ ತವರುಮನಿ ಸಿರುಗುಪ್ಪನ ರೀ. ನಿಮ್ಮ ಮನಿಯಾಕಿ ನನ್ನ ಗೆಳತಿ" ಎಂದಿದ್ದೇ ತಡ, ವಿರೂಪಾಕ್ಷಪ್ಪ ಚಪ್ಪಲಿಯನ್ನೂ ಬಿಟ್ಟು ಬಸ್‌ಸ್ಟ್ಯಾಂಡಿನ ಕಡೆ ಓಡಿದ.

ಖಾಲಿ ಹಾಲಿನಲ್ಲಿ ಹೆಂಡತಿಯ ಪಕ್ಕ ಕೋಲು ಹಿಡಿದು ನಿಂತ ಹುಲಿಯನ್ನು ನೋಡಿ ರಂಗಣ್ಣ ದೀಪ ಆರಿಸಿದ.

"ಅಕ್ಕಾರ, ಚೀಲ ಆಮ್ಯಾಲೆ ತುಂಬೀರಂತ. ಇವರ ಜೋಡಿ ಆಡಾಕ ಮೊದ್ಲು ಒಬ್ಬ ಗಂಡಸನ್ನ ಬಿಡಿಸಿ ಕೊಡ್ರಿ."