ಹೊಲಿಗೆ ಮಷೀನಿನ ಮೇಲೊಂದು ಸ್ಟೇರಿಂಗು

ನಮ್ಮ ಓಣಿಯಲ್ಲಿ ಸದ್ಯಕ್ಕೆ ಓಡಾಡುತ್ತಿರುವ ಕಥೆ ಹೀಗಿದೆ: ಶಹಾಪುರದ ಟೇಲರ್ ಗುರಮ್ಮನ ಮಗ ಶರಣು ಟಿ.ವಿ.ಯಲ್ಲಿ ಕಾರಿನ ಆಟ ಆಡುತ್ತ ಆಡುತ್ತ, ನೆರೆಮನೆಯವರು ಬಸುರಿ ಮಗಳಿಗೆ ಒಯ್ಯಬೇಕಿದ್ದ ಹಸಿರು ಕುಬಸವನ್ನು ತನ್ನ ಮೈಗೇ ಹೊಲಿದುಕೊಂಡು, ಬಿಡಿಸಿಕೊಳ್ಳಲಾಗದೆ ಬೀದಿಗೆ ಓಡಿದ.

ಈ ಕಥೆಯಲ್ಲಿ ಮೂರು ಸುಳ್ಳುಗಳಿವೆ. ಒಂದು, ಕುಬಸವನ್ನು ನಾನು ಮೈಗೆ ಹೊಲಿದುಕೊಳ್ಳಲಿಲ್ಲ, ಶಾಲಿಗೆ ಹೊಲಿದುಕೊಂಡೆ. ಎರಡು, ನಾನು ಬೀದಿಗೆ ಓಡಲಿಲ್ಲ, ಹಿತ್ತಲಿಗೆ ಓಡಲು ಯತ್ನಿಸಿದೆ. ಮೂರು, ಅದು ಆಟವಲ್ಲ. ಸಿದ್ಧಾಂತದ ಪ್ರಶ್ನೆ!

ಎಂಟನೆಯ ತರಗತಿಯಿಂದ ಇಂದಿನ ಡಿಗ್ರಿ ಕಾಲೇಜಿನವರೆಗೆ ನಾನು ಚರ್ಚಾಸ್ಪರ್ಧೆಗಳಲ್ಲಿ ಭಾಗವಹಿಸುತ್ತ ಬಂದವನು. ವಿಷಯದ ಪರವಾಗಿ ಮಾತಾಡಿ ಗೆದ್ದಿದ್ದೇನೆ, ವಿರೋಧವಾಗಿ ಮಾತಾಡಿ ಗೆದ್ದಿದ್ದೇನೆ. ಒಮ್ಮೆ ಚೀಟಿ ಅದಲುಬದಲಾಗಿ ಮೊದಲ ಎರಡು ನಿಮಿಷ ಪರವಾಗಿ, ಉಳಿದ ಎರಡು ನಿಮಿಷ ವಿರೋಧವಾಗಿ ಮಾತಾಡಿಯೂ ಗೆದ್ದಿದ್ದೇನೆ. ಯಾದಗಿರಿಯಲ್ಲಿ ಜಿಲ್ಲಾ ಮಟ್ಟದ ಸ್ಪರ್ಧೆ ಗೆದ್ದಾಗ ನನಗೊಂದು ಕೆಂಪು ಶಾಲು ಹೊದಿಸಿದರು. ಎರಡೂ ತುದಿಗೆ ಬಂಗಾರದ ಬಣ್ಣದ ಉದ್ದನೆಯ ಕುಚ್ಚು. ಆ ಕುಚ್ಚನ್ನು ದಯವಿಟ್ಟು ನೆನಪಿಡಿ.

ವಿವಾದ ಹುಟ್ಟಿದ್ದು ನನ್ನ ತಂಗಿ ರೇಣುಕಾಳಿಂದ. ಅವಳು ತನ್ನ ಲ್ಯಾಪ್‌ಟಾಪನ್ನು ಟಿ.ವಿ.ಗೆ ಜೋಡಿಸಿ, ಮಂಚದ ಮೇಲೆ ಅಡ್ಡಾಗಿ, ಶೇಂಗಾ ತಿನ್ನುತ್ತ, ಎರಡು ಅಂಗೈಯಲ್ಲಿ ಹಿಡಿಯುವ ಕಂಟ್ರೋಲರಿನಿಂದ ಡ್ರಿಫ್ಟ್ ಮಾಡುತ್ತಾಳೆ. ಡ್ರಿಫ್ಟ್ ಎಂದರೆ ತಿರುವಿನಲ್ಲಿ ಕಾರಿನ ಹಿಂಭಾಗವನ್ನು ಬೇಕೆಂದೇ ಜಾರಿಸಿ, ಮೂತಿ ಒಂದು ಕಡೆ, ದಾರಿ ಇನ್ನೊಂದು ಕಡೆ ಇರುವಂತೆ, ಗೋಡೆಗೆ ತಾಗದೆ ಹೊರಳುವುದು. ಮಳೆ ಬಿದ್ದ ಎರೆಹೊಲದಲ್ಲಿ ನಮ್ಮ ಬೈಕು ಬೇಡವೆಂದರೂ ಮಾಡುವುದನ್ನು ಅಲ್ಲಿ ಬೇಕೆಂದು ಮಾಡಬೇಕು.

"ಇದು ಮೋಸ," ಎಂದೆ ನಾನು. "ಹೆಬ್ಬಟ್ಟಿನಿಂದ ಗಾಡಿ ಓಡಸೋ ಡ್ರೈವರನ್ನ ನೋಡೀಯೇನು ನೀ? ಖರೇ ಡ್ರಿಫ್ಟ್ ಅಂದ್ರ ಸ್ಟೇರಿಂಗ್ ಹಿಡಿದು, ಕಾಲಾಗ ಬ್ರೇಕ್ ಒತ್ತಿ ಮಾಡೋದು."

"ಗಾಡಿ ಖರೇ ಅದ ಏನು?"

"ಅಂದ್ರ?"

"ಟಿವ್ಯಾಗಿನ ಗಾಡಿ ಸುಳ್ಳು, ರೋಡ್ ಸುಳ್ಳು, ಗ್ವಾಡಿ ಸುಳ್ಳು. ಸ್ಟೇರಿಂಗ್ ಒಂದು ಖರೇ ಇದ್ದು ಏನ್ ಮಾಡ್ತಿ ಅಣ್ಣಾ?"

ಪ್ರತಿವಾದಿಯ ಮಾತಿನಲ್ಲಿ ತಥ್ಯವಿದ್ದಾಗ ದನಿ ಏರಿಸಬೇಕೆಂಬುದು ಚರ್ಚಾಪಟುಗಳ ಮೊದಲ ಪಾಠ. ಏರಿಸಿದೆ. ಪಂದ್ಯ ನಿಶ್ಚಯವಾಯಿತು. ಮೂರು ತಿರುವು, ಗೋಡೆಗೆ ತಾಗದೆ ಹೆಚ್ಚು ತಿರುವುಗಳಲ್ಲಿ ಜಾರಿದವರು ಗೆದ್ದಂತೆ. ಸೋತವರು ಓಣಿಯ ಕಟ್ಟೆಯ ಮೇಲೆ ನಿಂತು ಮೂರು ಸಲ ಗಟ್ಟಿಯಾಗಿ "ನಂದು ತಪ್ಪು" ಎನ್ನಬೇಕು. ಬೇರೆಯವರಿಗೆ ಅದು ಎರಡು ಪದ. ನನಗೆ ಅದುವರೆಗೆ ಒಮ್ಮೆಯೂ ಬಾಯಿಂದ ಹೊರಡದ ವಾಕ್ಯ!

ಸ್ಟೇರಿಂಗ್ ಬೇಕಲ್ಲ? ಯಾದಗಿರಿಯ ಗೆಳೆಯನೊಬ್ಬನ ಹತ್ತಿರ ಇತ್ತು. ಕೇಳಿ, ಗೋಣಿಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ. ಚೀಲದ ಬಾಯಿಯಿಂದ ಅರ್ಧ ಚಕ್ರ ಇಣುಕುತ್ತಿತ್ತು. ಕಂಡಕ್ಟರು ಟಿಕೆಟ್ ಹರಿಯುವುದನ್ನು ನಿಲ್ಲಿಸಿ ನೋಡಿದರು.

"ಏನ್ ತಮ್ಮಾ, ಯಾವ ಬಸ್ಸಿಂದು ಬಿಚ್ಚಕೊಂಡು ಹೊಂಟಿ?"

ಹಿಂದಿನ ಸೀಟಿನ ಅಜ್ಜ ಗಾಬರಿಯಾದ. "ಜರಾ ಮುಂದ ಹೋಗಿ ನೋಡ್ರಿ ಸಾಹೇಬ್ರ, ನಮ್ಮ ಡ್ರೈವರಂದು ಐತೋ ಇಲ್ಲೋ!"

ಇದು ಆಟದ ಸ್ಟೇರಿಂಗ್ ಎಂದು ಶಹಾಪುರ ಬರುವವರೆಗೆ ವಿವರಿಸಿದೆ. ಇಳಿಯುವಾಗ ಅಜ್ಜ ಕೇಳಿದ, "ಹಂಗಾದ್ರ ಇದರ ಗಾಡಿ ಎಲ್ಲಿ?"

ಮನೆಗೆ ಬಂದ ಮೇಲೆ ಇನ್ನೊಂದು ಸಮಸ್ಯೆ ತಲೆದೋರಿತು. ಈ ಸ್ಟೇರಿಂಗನ್ನು ಮೇಜಿನ ಅಂಚಿಗೆ ತಿರುಪು ಹಾಕಿ ಬಿಗಿಯಬೇಕು. ನಮ್ಮಲ್ಲಿದ್ದ ಪ್ಲಾಸ್ಟಿಕ್ ಮೇಜಿಗೆ ಬಿಗಿದೆ. ಎಡಕ್ಕೆ ತಿರುಗಿಸಿದರೆ ಕಾರು ಸುಮ್ಮನಿತ್ತು, ಮೇಜು ಎಡಕ್ಕೆ ಹೋಯಿತು. ಮಂಚಕ್ಕೆ ಬಿಗಿದೆ, ಆಡಬೇಕಾದರೆ ನಾನು ನೆಲದ ಮೇಲೆ ಮಲಗಬೇಕಿತ್ತು. ಆಗ ಕಣ್ಣಿಗೆ ಬಿದ್ದದ್ದು ಪಡಸಾಲೆಯ ಮೂಲೆ. ನಮ್ಮ ಮನೆಯಲ್ಲಿ ಅಲುಗಾಡದೆ ನಿಲ್ಲುವಂಥವು ಎರಡೇ: ಒಂದು ನನ್ನ ವಾದ, ಇನ್ನೊಂದು ಅವ್ವನ ಹೊಲಿಗೆ ಮಷೀನು.

ಕಬ್ಬಿಣದ ಕಾಲು, ಸಾಗುವಾನಿ ಮೇಜು, ಕೆಳಗೆ ತುಳಿಯುವ ಹಲಗೆ. ಇಪ್ಪತ್ತು ವರ್ಷದಿಂದ ಅವ್ವ ಅದರ ಮುಂದೆ ಕೂತು ಅರ್ಧ ಶಹಾಪುರದ ಕುಬಸಗಳನ್ನು ಹೊಲಿದಿದ್ದಾಳೆ. ನಾನು ಚಿಕ್ಕವನಿದ್ದಾಗ ಒಮ್ಮೆ ಚಕ್ರಕ್ಕೆ ಬೆರಳು ಕೊಟ್ಟಿದ್ದೆನಂತೆ. ಅಂದಿನಿಂದ ಅವ್ವ ನೀರು ಕುಡಿಯಲು ಎದ್ದರೂ ಚಕ್ರದ ಪಟ್ಟಾ ಕಳಚಿಯೇ ಏಳುತ್ತಾಳೆ. ಪಟ್ಟಾ ಕಳಚಿದರೆ ಹಲಗೆ ಎಷ್ಟು ತುಳಿದರೂ ಸೂಜಿ ಅಲುಗದು.

ರವಿವಾರ ಬೆಳಿಗ್ಗೆ ಅವ್ವ ನೆರೆಮನೆಯ ನೀಲಮ್ಮ ಚಿಗವ್ವನ ಹಸಿರು ಕುಬಸ ಹೊಲಿಯುತ್ತಿದ್ದಳು. ಚಿಗವ್ವನ ಮಗಳನ್ನು ಸುರಪುರಕ್ಕೆ ಕೊಟ್ಟಿದೆ. ಈಗ ಏಳು ತಿಂಗಳು. ನಮ್ಮ ಕಡೆ ತವರಿನವರು ಬಸುರಿಗೆ ಹಸಿರು ಸೀರೆ, ಹಸಿರು ಕುಬಸ ಒಯ್ದು ಉಡಿ ತುಂಬುತ್ತಾರೆ. ಅವರ ಟಂಟಂ ಆಟೋ ನಾಲ್ಕು ಗಂಟೆಗೆ ಹೊರಡಲಿತ್ತು. ನಾನು ಅವ್ವನೆದುರು ಕೂತು ನನ್ನ ಯೋಜನೆಯನ್ನು ಸವಿಸ್ತಾರವಾಗಿ ಮಂಡಿಸಿದೆ: ಸ್ಟೇರಿಂಗ್ ಎಲ್ಲಿ ಬಿಗಿಯುವುದು, ಆಟದ ಎರಡು ಪೆಡಲ್‌ಗಳನ್ನು ತುಳಿಯುವ ಹಲಗೆಯ ಮೇಲೆ ಲಾಡಿಯಿಂದ ಹೇಗೆ ಕಟ್ಟುವುದು, ಪಾದದ ಒತ್ತಡ ಎಷ್ಟಿರಬೇಕು, ಇತ್ಯಾದಿ.

"ಕಾಲಿನ ಹಿಡಿತ ಅಂದ್ರ ಭಾಳ ಸೂಕ್ಷ್ಮ ಇರ್ತದವ್ವಾ. ನಿಮ್ಮಂಥೋರಿಗೆ ತಿಳಿಯಂಗಿಲ್ಲ," ಎಂದೂ ಹೇಳಿದೆ.

ಇಪ್ಪತ್ತು ವರ್ಷ ಮಷೀನು ತುಳಿದವಳಿಗೆ! ನನ್ನ ಧೈರ್ಯ ನೋಡಿ.

ಅವ್ವ ಹಲ್ಲಿನಿಂದ ದಾರ ಕಡಿದಳು. "ಮೊದಲು ನಿನ್ನ ಬಾಯಿಗೆ ಒಂದು ಹೊಲಿಗಿ ಹಾಕಬೇಕು ನೋಡಲೇ ಶರಣ್ಯಾ."

"ಅರ್ಧ ತಾಸು ಮಷೀನ್ ಬಿಟ್ಟು ಕೊಡು, ಸಾಕು."

"ಮಧ್ಯಾಹ್ನ ನೀಲವ್ವನ ಮನೀಗಿ ಹೋಗ್ತೀನಿ. ಆವಾಗ ಆಡ್ಕೋ. ಆದ್ರ ಮಷೀನಿಗೆ ಕೈ ಹಚ್ಚಿದಿ ಅಂದ್ರ ನೋಡು."

"ಕೈ ಹಚ್ಚಂಗಿಲ್ಲ. ಆಣಿ!"

ಈ ವಾಗ್ದಾನವನ್ನು ನಾನು ಕೊನೆಯವರೆಗೂ ಪಾಲಿಸಿದೆ ಎಂಬುದನ್ನು ದಾಖಲಿಸಬಯಸುತ್ತೇನೆ. ಕೈ ಹಚ್ಚಲಿಲ್ಲ.

ಮಧ್ಯಾಹ್ನ ಅವ್ವ ಎದ್ದು ಹೋದಳು. ಕುಬಸ ಸೂಜಿಯ ಕೆಳಗೇ ಇತ್ತು. ಮಷೀನಿಗೆ ಕೈ ತಾಗಿಸದೆ ಮೇಜಿಗೆ ಸ್ಟೇರಿಂಗ್ ಬಿಗಿದು, ಹಲಗೆಗೆ ಪೆಡಲ್ ಕಟ್ಟಿದೆ. ಪಟ್ಟಾ ನೋಡಲಿಲ್ಲ. ದೇವರಿದ್ದಾನೆಯೇ ಎಂದು ಪ್ರಶ್ನಿಸುವ ನಾನು ಅವ್ವನ ರೂಢಿಯನ್ನು ಮಾತ್ರ ಪ್ರಶ್ನಿಸಿದವನಲ್ಲ.

ಮೊದಲ ಸರದಿ ರೇಣುಕಾಳದು. ಮಲಗಿದಲ್ಲಿಂದ ಏಳದೆ ಹೆಬ್ಬೆರಳನ್ನು ಆಚೀಚೆ ಸರಿಸಿದಳು. ಒಂದು ತಿರುವು, ಜಾರಿತು. ಎರಡು, ಜಾರಿತು. ಮೂರನೆಯದರ ನಡುವೆ ಶೇಂಗಾ ಸಿಪ್ಪೆಯನ್ನೂ ಉಗುಳಿದಳು. ಜಾರಿತು!

"ಯಂತ್ರದ ಸಹಾಯ," ಎಂದು ಷರಾ ಬರೆದು ನಾನು ಎದ್ದೆ. ಸಂದರ್ಭಕ್ಕೆ ತಕ್ಕ ಗಾಂಭೀರ್ಯ ಬೇಕೆಂದು ಯಾದಗಿರಿಯ ಶಾಲು ಹೊದ್ದೆ. ಮಷೀನಿನ ಮುಂದೆ ಕೂತೆ. ನನ್ನ ಬಲಮಗ್ಗುಲಿಗೇ ಸೂಜಿ. ಶಾಲಿನ ಬಲತುದಿ ಮೇಜಿನ ಮೇಲೆ ಹರಡಿತು. ಸ್ಟೇರಿಂಗ್ ಹಿಡಿದೆ. ಕಾಲಿಟ್ಟು ಒತ್ತಿದೆ.

ಕಟಕಟಕಟಕಟ!

"ಆಹಾ! ಕೇಳಿದೇನು ರೇಣೀ? ಇಂಜಿನ್ ಸೌಂಡ್ ಎಷ್ಟು ಖರೇ ಬರಾಕತ್ತೈತಿ! ನಿನ್ನ ಕಂಟ್ರೋಲರಿನ್ಯಾಗ ಬರ್ತದೇನು ಇದು?"

"ಅಣ್ಣಾ..."

"ನಡುವ ಮಾತಾಡಬ್ಯಾಡ! ನಿನ್ನ ಟೈಮ್ ಮುಗದದ!"

"ಅಲ್ಲೋ, ಶಾಲು..."

"ಶಾಲಿನ ಮ್ಯಾಲೆ ಹೊಟ್ಟಿಕಿಚ್ಚು ಬ್ಯಾಡ!"

ಮೊದಲ ತಿರುವು ಬಂತು. ಸ್ಟೇರಿಂಗ್ ಎಡಕ್ಕೆ ಎಳೆದೆ, ಕಾಲು ಒದ್ದೆ. ಕಾರಿನ ಹಿಂಭಾಗ ಜಾರಿತು. ಜಾರಿದ ಕೂಡಲೇ ಸ್ಟೇರಿಂಗನ್ನು ಉಲ್ಟಾ ಬಲಕ್ಕೆ ತಿರುಗಿಸಿ ಗಾಡಿ ಹಿಡಿಯಬೇಕು. ಸಿದ್ಧಾಂತ ನನಗೆ ಬಾಯಿಪಾಠ. ಆದರೆ ಹೆಬ್ಬೆರಳು ಒಂದು ಇಂಚು ಸರಿಯುವ ಹೊತ್ತಿನಲ್ಲಿ ನಾನು ಚಕ್ರವನ್ನು ಎರಡು ಸುತ್ತು ತಿರುಗಿಸಬೇಕಿತ್ತು. ಎಡಗೈ ಬಲಗೈಯ ಮೇಲೆ ಹೋಯಿತು, ಬಲಗೈ ಎಡಗೈಯ ಕೆಳಗೆ ಸಿಕ್ಕಿತು. ಕಾರು ಗೋಡೆಗೆ ಹೋಯಿತು.

ಎರಡನೆಯ ತಿರುವಿನಲ್ಲಿ ಇನ್ನೂ ಜೋರಾಗಿ ಒದ್ದೆ. ಕಟಕಟಕಟಕಟ! ಕತ್ತಿನ ಹತ್ತಿರ ಬಲಕ್ಕೆ ಎಳೆದಂತಾಯಿತು. ತಿರುವಿನಲ್ಲಿ ಅಪ್ಪಟ ಚಾಲಕನಿಗೆ ಆಗುವ ಎಳೆತ ಇದೇ ಎಂದು ಹಿಗ್ಗಿದೆ! ಕಾರು ಗೋಡೆಗೆ ಹೋಯಿತು. ಮೂರನೆಯ ತಿರುವಿಗೆ ನನ್ನ ಕಾರು ಹಿಮ್ಮುಖವಾಗಿ ಆಗಮಿಸಿತು. ಅಷ್ಟರಲ್ಲಿ ನನ್ನ ಬಲಗೆನ್ನೆ ಮಷೀನಿಗೆ ತಾಗುವಷ್ಟು ಹತ್ತಿರ ಬಂದಿತ್ತು.

ಗೋಡೆ!

ತೀರ್ಪನ್ನು ಪ್ರಶ್ನಿಸಲು ಥಟ್ಟನೆ ಏಳಹೋದೆ. ಏಳಲಾಗಲಿಲ್ಲ. ನೋಡಿದರೆ ಬಂಗಾರದ ಕುಚ್ಚು ಸೂಜಿಯ ಕೆಳಗೆ ಸಿಕ್ಕು, ಅದರ ಹಿಂದೆ ಶಾಲೂ ಹೋಗಿ, ಹಸಿರು ಕುಬಸದ ತೋಳು, ಬೆನ್ನು ದಾಟಿ ಸಾಲಾಗಿ ಹೊಲಿಗೆ ಬಿದ್ದಿತ್ತು. ತೋಳಿನ ಬಾಯಿ ಪೂರ್ತಿ ಬಂದ್. ಇನ್ನೊಂದು ತುದಿ ನನ್ನ ಕೊರಳಲ್ಲಿ. ಮಷೀನು ಕಲಿಯುವವರಿಗೆ ಮೊದಮೊದಲು ಚಕ್ರ ಉಲ್ಟಾ ತಿರುಗಿ ದಾರ ಹರಿಯುತ್ತದಂತೆ. ನನಗೆ ಮೊದಲ ತುಳಿತಕ್ಕೇ ಸೀದಾ ತಿರುಗಿತ್ತು. ಈ ಸಾಧನೆಯನ್ನು ಓಣಿಯ ಕಥೆಯಲ್ಲಿ ಯಾರೂ ಹೇಳುವುದಿಲ್ಲ!

ಬಾಗಿಲಲ್ಲಿ ಅವ್ವ ನಿಂತಿದ್ದಳು. ಜೊತೆಗೆ ಕುಬಸ ಒಯ್ಯಲು ಬಂದ ನೀಲಮ್ಮ ಚಿಗವ್ವ.

ಶಾಲು ಕೊರಳಿಂದ ತೆಗೆದರೆ ಮುಗಿಯುತ್ತಿತ್ತು. ಆದರೆ ಗೆದ್ದ ಶಾಲನ್ನು ಸೋತ ಕ್ಷಣದಲ್ಲಿ ತೆಗೆಯುವುದು ತಪ್ಪೊಪ್ಪಿಗೆಯಾಗುತ್ತದೆ. ಶಾಲಿನ ಸಮೇತ ಹಿತ್ತಲ ಕಡೆ ಓಡಲು ಯತ್ನಿಸಿದೆ. ಒಂದು ಹೆಜ್ಜೆಗೆ ಮಷೀನು ನನ್ನನ್ನು ವಾಪಸ್ ಕರೆಯಿತು.

"ಅಯ್ಯ ಶಿವನ! ನನ್ನ ಮಗಳ ಕುಬಸಾ!" ಚಿಗವ್ವ ಎದೆಗೆ ಕೈ ಹಚ್ಚಿದಳು. "ನಾಕಕ್ಕ ಟಂಟಂ ಹೊಂಡತದ, ಗುರವ್ವಾ!"

"ಕೂಡ್ ಸುಮ್ನ," ಅವ್ವ ಅಂದಳು. ಅದು ಚಿಗವ್ವನಿಗಲ್ಲ, ನನಗೆ. ಕತ್ತರಿ ತಂದು, ಒಂದು ದಾರ ಕತ್ತರಿಸಿ, ಇನ್ನೊಂದನ್ನು ಸುರ್ ಎಂದು ಎಳೆದಳು. ನೋಡನೋಡುತ್ತಿದ್ದಂತೆ ನಾನು ಬೇರೆ, ಕುಬಸ ಬೇರೆ. ಝಾಡಿಸಿ ಮಡಚಿ ಚಿಗವ್ವನ ಕೈಗೆ ಕೊಟ್ಟಳು. "ತಗೋ ನೀಲವ್ವಾ. ಏನೂ ಆಗಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಹೊಲಿಗಿ ಟಾಕಿ ಏನೋ ಸೀದಾ ಬಿದ್ದಾವ. ಆದ್ರ ಕಾಲು ಒದಿಬಾರದಲೇ. ಇಡಬೇಕು."

"ಹಂಗಾದ್ರ ನೀನ ಮಾಡಿ ತೋರ್ಸು!" ಬಾಯಿ ತಪ್ಪಿ ಅಂದುಬಿಟ್ಟೆ.

ಅವ್ವ ಮೊದಲು ಪಟ್ಟಾ ಕಳಚಿದಳು. ಸೆರಗು ಸಿಕ್ಕಿಸಿ ಕೂತಳು. ಮೊದಲ ತಿರುವಿನಲ್ಲಿ ಗೋಡೆಗೆ ಹೋದಳು. ನನಗೆ ಕೊಂಚ ಸಮಾಧಾನವಾಯಿತು. ಎರಡನೆಯದರಲ್ಲಿ ಅವಳ ಕಾಲು ಅಲುಗಿದ್ದೇ ಕಾಣಲಿಲ್ಲ. ಕಾರಿನ ಹಿಂಭಾಗ ಮೆಲ್ಲಗೆ ಹೊರಕ್ಕೆ ಸರಿಯಿತು. ಅವ್ವ ಸ್ಟೇರಿಂಗನ್ನು ತಿರುಗಿಸಲಿಲ್ಲ, ಹೊಲಿಯುವಾಗ ಸೂಜಿಯ ಕೆಳಗೆ ಅರಿವೆ ಬಿಟ್ಟ ಹಾಗೆ ಬಿಟ್ಟಳು. ಅದು ತನ್ನಷ್ಟಕ್ಕೆ ಉಲ್ಟಾ ಹೊರಳಿತು, ಅವಳು ಬೇಕಾದಲ್ಲಿ ಹಿಡಿದಳು. ಕಾರು ಕುಬಸದ ಕೊರಳು ತಿರುಗಿದಂತೆ ದುಂಡಗೆ ಜಾರಿ, ಗೋಡೆಗೆ ಒಂದು ಬೆರಳು ಬಿಟ್ಟು, ಸೀದಾ ಹೊರಬಿತ್ತು.

ರೇಣುಕಾ ಎದ್ದು ಕೂತಳು. ಶೇಂಗಾ ಬಾಯಲ್ಲೇ ನಿಂತಿತ್ತು. ಟಂಟಂ ಮರೆತು ಚಿಗವ್ವ, "ಯವ್ವಾ, ಇನ್ನೊಮ್ಮಿ ಹೊಡಿ!" ಎಂದಳು.

ನನ್ನ ಎದೆ ಉಬ್ಬಿತು. ಇಂದಿಗೂ ಉಬ್ಬಿಯೇ ಇದೆ. ಯಾರು ಸಿಕ್ಕರೂ ಹೇಳುತ್ತೇನೆ, ನಮ್ಮವ್ವ ಡ್ರಿಫ್ಟ್ ಮಾಡ್ಯಾಳ ಎಂದು.

"ಮಾನ್ಯರೇ, ನೋಡಿದಿರಾ? ಸ್ಟೇರಿಂಗಿನ ಪಕ್ಷ ಗೆದ್ದದ!" ಎಂದು ಘೋಷಿಸಿದೆ.

"ಗೆದ್ದಾಕಿ ಅವ್ವ," ಎಂದಳು ರೇಣುಕಾ. "ನೀ ಸೋತಿ. ಕಟ್ಟಿ ಅಲ್ಲೇ ಅದ, ನಡಿ ಅಣ್ಣಾ."

ಹೋದೆ. ಜನ ಸೇರಿದರು. ಮೊದಲು ವಿಷಯದ ಹಿನ್ನೆಲೆ, ನಂತರ ತಾಂತ್ರಿಕ ಅಂಶಗಳು, ನಂತರ ಅವ್ವನ ಪಾದದ ಹೆಗ್ಗಳಿಕೆ ಎಂದು ಪ್ರಸ್ತಾವನೆ ಮಾಡಿದೆ. "ನಂದು ತಪ್ಪು" ಎಂಬಲ್ಲಿಗೆ ಬರುವಷ್ಟರಲ್ಲಿ ಎಲ್ಲರೂ ಎದ್ದು ಹೋಗಿದ್ದರು. ಕೇಳಿಸಿಕೊಂಡದ್ದು ಒಂದು ಆಡು. ಅದೂ ಪೂರ್ತಿ ಕೇಳಲಿಲ್ಲ. ಇನ್ನೆರಡು ಸಲ ಬಾಕಿ ಇದೆ ಎಂದು ರೇಣುಕಾ ಇವತ್ತಿಗೂ ನೆನಪಿಸುತ್ತಾಳೆ.

ಅದು ಹಾಗಿರಲಿ. ಸೋತ ಮೇಲೂ ಯೋಚಿಸುವ ಚಟ ಬಿಡುವುದಿಲ್ಲ. ಅವ್ವ ಆ ಹೊಲಿಗೆಯನ್ನು ಒಂದೇ ಎಳೆತಕ್ಕೆ ಬಿಚ್ಚಿದಳು. ಆಮೇಲೆ ಒಂದು ಟಾಕಿಯನ್ನೂ ಹಾಕದೆ ಕುಬಸವನ್ನು ಚಿಗವ್ವನಿಗೆ ಕೊಟ್ಟಳು. ಅಂದರೆ ಅದು ಹೊಲಿದು ಮುಗಿದಿತ್ತು. ಶಾಲಿನ ಮೇಲೆ ಉಳಿದ ಸೂಜಿಯ ತೂತುಗಳನ್ನು ನಾನು ಎಣಿಸದೆ ಬಿಟ್ಟಿಲ್ಲ. ಒಂದರಿಂದೊಂದು ದೂರ ದೂರ ಇವೆ. ಅದು ಕಚ್ಚಾ ಹೊಲಿಗೆ, ಬಿಚ್ಚುವುದಕ್ಕೆಂದೇ ಹಾಕುವಂಥದ್ದು.

ಈ ಸಾಕ್ಷ್ಯಗಳನ್ನೆಲ್ಲ ಅವ್ವನ ಮುಂದಿಟ್ಟೆ. ಅವಳು ಸೂಜಿಗೆ ದಾರ ಪೋಣಿಸುತ್ತ ಕೂತಿದ್ದಳು, ತಲೆ ಎತ್ತಲಿಲ್ಲ. ತುಟಿಯ ಮೂಲೆಯಲ್ಲಿ ಏನೋ ಇತ್ತು, ದಾರದ ಚೂರಿರಬಹುದು.

"ಅವ್ವಾ, ಖರೇ ಹೇಳು. ಮುಗದ ಕುಬಸ ಸೂಜಿ ಕೆಳಗ ಇಟ್ಟು, ಟಾಕಿ ದೊಡ್ಡದು ಮಾಡಿ, ಇಪ್ಪತ್ತು ವರ್ಷದಾಗ ಅವತ್ತೊಂದಿನ ಪಟ್ಟಾ ಕಳಚಲಾರದ ಯಾಕ ಎದ್ದು ಹೋದಿ?"