ರುಬ್ಬುಗುಂಡಿನ ಬರಹ

ಸೇತುರಾಮನಿಗೆ ಬರಹದ ಮೇಲಿದ್ದ ನಂಬಿಕೆ ನೆನಪಿನ ಮೇಲಿರಲಿಲ್ಲ. ಗೀಸರ್ ಸ್ವಿಚ್ಚಿನ ಪಕ್ಕ ‘ಆರಿಸು’ ಎಂದು ಬರೆದಿದ್ದ. ಬಾಗಿಲ ಹಿಂದೆ ‘ಬೀಗದ ಕೈ? ಕನ್ನಡಕ? ಡಬ್ಬಿ?’ ಎಂದು ಬರೆದಿದ್ದ. ರಾಜಾಜಿನಗರದ ಶಾಲೆಯೊಂದರ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ಗುಮಾಸ್ತನಾಗಿದ್ದವನು. ಕಾಗದದಲ್ಲಿದ್ದುದನ್ನು ಮಾಡುವುದು, ಇಲ್ಲದ್ದನ್ನು ಮುಟ್ಟದಿರುವುದು ಮೈಗೆ ಹತ್ತಿಹೋಗಿತ್ತು. “ನನ್ನ ಹಣೆ ಮೇಲೂ ‘ಹೆಂಡತಿ’ ಅಂತ ಬರ್ದುಬಿಡಿ, ಮರ್ತುಗಿರ್ತು ಬಿಟ್ಟೀರಿ” ಎನ್ನುತ್ತಿದ್ದಳು ಸತ್ಯವತಿ.

ಹಾಗಾಗಿ ಅವನು ಮನೆ ಓನರ್ ಮುನಿಲಕ್ಷ್ಮಮ್ಮನ ರುಬ್ಬುಗುಂಡಿನ ತಳದಲ್ಲಿ, ಅಳಿಸಲಾಗದ ಮಾರ್ಕರ್ ಪೆನ್ನಿನಿಂದ ‘ಉಸಿರು ಬಿಡು’ ಎಂದು ಬರೆದದ್ದರಲ್ಲಿ ಯಾವ ದುರುದ್ದೇಶವೂ ಇರಲಿಲ್ಲ.

ಎರಡು ತಿಂಗಳ ಹಿಂದೆ ಡಾಕ್ಟರ್ ರಾಗಿಣಿ ಅವನ ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಮುಖ ಸಪ್ಪಗೆ ಮಾಡಿದ್ದರು. ಬಿಪಿ ನೂರ ಐವತ್ತೆಂಟು. ಅವನ ಅಪ್ಪ ಐವತ್ತನಾಲ್ಕನೆಯ ವಯಸ್ಸಿನಲ್ಲಿ ಸ್ನಾನದ ಮನೆಗೆ ಹೋದವರು ತಾವಾಗಿ ಹೊರಗೆ ಬರಲಿಲ್ಲ. ಸೇತುರಾಮನಿಗೆ ಐವತ್ತಮೂರು ಮುಗಿಯುತ್ತಿತ್ತು.

“ಮಾತ್ರೆ ಇರ್ಲಿ, ಜೊತೆಗೆ ಭಾರ ಎತ್ತಿ,” ಎಂದಿದ್ದರು ಡಾಕ್ಟರ್. “ವಯಸ್ಸಾಗ್ತಾ ಸ್ನಾಯು ತಾನಾಗೇ ಕರಗುತ್ತೆ. ಅದಕ್ಕೆ ಕೆಲಸ ಕೊಟ್ರೆ ಉಳಿಯುತ್ತೆ. ಮೂಳೆ ಗಟ್ಟಿಯಾಗುತ್ತೆ, ಶುಗರ್ ಹತೋಟಿಗೆ ಬರುತ್ತೆ, ಪ್ರೆಶರ್ರೂ ಇಳಿಯುತ್ತೆ. ಮೊದಲು ನೀರಿನ ಬಾಟ್ಲಿ, ಆಮೇಲೆ ಸ್ವಲ್ಪ ಸ್ವಲ್ಪನೇ ಜಾಸ್ತಿ. ದಿನ ಬಿಟ್ಟು ದಿನ. ನಡುವೆ ಮೈಗೆ ರಜ ಬೇಕು. ಮುಖ್ಯವಾದದ್ದು ಒಂದೇ: ಎತ್ತುವಾಗ ಉಸಿರು ಹಿಡೀಬೇಡಿ. ಬಿಡಿ. ಹಿಡಿದ್ರೆ ಪ್ರೆಶರ್ ಜಿಗಿಯುತ್ತೆ.”

ಜಿಮ್ಮಿಗೆ ಹೋಗಲು ಸೇತುರಾಮನಿಗೆ ನಾಚಿಕೆ. ಅಲ್ಲಿನ ಕನ್ನಡಿಗಳ ನಡುವೆ ತನ್ನ ಬನಿಯನ್ನು ನಾಲ್ಕು ದಿಕ್ಕಿನಿಂದ ಕಾಣುವುದನ್ನು ಅವನು ಊಹಿಸಲಾರದಾದ. ಮನೆಯಲ್ಲೇ ಬಾಟಲಿಯಿಂದ ಶುರುಮಾಡಿ, ಐದು ಕೆಜಿ ಅಕ್ಕಿ ಚೀಲಕ್ಕೆ ಬಂದು, ಆರನೆಯ ವಾರ ಅಂಗಳದ ಒರಳಿಗೆ ಕಣ್ಣು ಹಾಕಿದ. ಗ್ರೈಂಡರ್ ಬಂದ ಮೇಲೆ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಬೆಳಗಿನ ಐದೂವರೆಗೆ ಗುಂಡನ್ನು ತಾರಸಿಗೆ ಹೊತ್ತೊಯ್ಯುವುದು, ಹತ್ತತ್ತು ಸಲ ಮೂರು ಸುತ್ತು ಎತ್ತುವುದು, ಮುನಿಲಕ್ಷ್ಮಮ್ಮ ರಂಗೋಲಿಗೆ ಬರುವ ಮೊದಲು ಒರಳಲ್ಲಿ ಕೂರಿಸುವುದು. ಉಸಿರು ಬಿಡುವುದು ಮಾತ್ರ ಮರೆಯುತ್ತಿತ್ತು. ಅದಕ್ಕೇ ತಳದಲ್ಲಿ ಬರೆದ. ಎದೆಮಟ್ಟಕ್ಕೆ ಎತ್ತಿ ಮಗುಚಿದಾಗ ನೇರ ಕಣ್ಣಿಗೆ ಕಾಣುವಂತೆ.

ಸತ್ಯವತಿಗೆ ಗುಂಡಿನ ವಿಷಯ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಇಷ್ಟು: ಈ ಭಾನುವಾರ ಸಂಜೆ ಆರಕ್ಕೆ ಮತ್ತೆ ಡಾಕ್ಟರ ಹತ್ತಿರ ಹೋಗಬೇಕು, ಬಿಪಿ ಇಳಿಯದಿದ್ದರೆ ಎರಡನೆಯ ಮಾತ್ರೆ. ಅವನು ಮಲಗಿದ ಮೇಲೆ ಮೂಗಿನ ಬಳಿ ಬೆರಳಿಟ್ಟು ನೋಡುವುದು ಅವಳಿಗೆ ಅಭ್ಯಾಸವಾಗಿತ್ತು. ಅವನಿಗೆ ಅದು ಗೊತ್ತಾಗುತ್ತಿತ್ತು. ಇಬ್ಬರೂ ಆ ಮಾತು ಎತ್ತಿರಲಿಲ್ಲ.

ಆ ಭಾನುವಾರ ಸೇತುರಾಮ ತಾರಸಿಯಲ್ಲಿ ಎರಡನೆಯ ಸುತ್ತಿನಲ್ಲಿದ್ದಾಗ ಕೆಳಗಿನಿಂದ ಮುನಿಲಕ್ಷ್ಮಮ್ಮನ ದನಿ ಬಂತು.

“ಏಳ್ರವ್ವ, ಒಂಬತ್ತಕ್ಕೆ ತೊಟ್ಲು ಶಾಸ್ತ್ರ! ಗುಂಡು ತೊಳ್ದು ಅರಿಶಿನ ಹಚ್ಚಬೇಕು. ನಮ್ಮತ್ತೆ ಕಾಲದ ಗುಂಡು. ನನ್ನ ಐದು ಮಕ್ಕಳೂವೆ ಅದನ್ನ ಮಲಗ್ಸಿದ್ಮೇಲೇ ತೊಟ್ಲಲ್ಲಿ ಮಲಗಿದ್ದು!”

ಸೇತುರಾಮ ಎತ್ತಿದ ಗುಂಡನ್ನು ಥಟ್ಟನೆ ಕೆಳಗಿಟ್ಟ. ಮುನಿಲಕ್ಷ್ಮಮ್ಮನ ಮೊಮ್ಮಗಳು ಕೀರ್ತನಾಳ ಕೂಸಿಗೆ ಇವತ್ತು ತೊಟ್ಟಿಲು ಎಂದು ಸತ್ಯವತಿ ಹೇಳಿದ್ದಳು. ತೊಟ್ಟಿಲಿಗೆ ಮಗುವಿಗಿಂತ ಮೊದಲು ಗುಂಡುಕಲ್ಲನ್ನು ಮಲಗಿಸುತ್ತಾರೆಂಬುದು ಅವನಿಗೆ ಮರೆತೇ ಹೋಗಿತ್ತು. ಎಲ್ಲೂ ಬರೆದಿರಲಿಲ್ಲವಲ್ಲ.

ತಾರಸಿಯ ನಲ್ಲಿಯ ಕೆಳಗಿಟ್ಟು ಸೋಪು ತಿಕ್ಕಿದ. ಅಕ್ಷರ ಇನ್ನಷ್ಟು ಸ್ಪಷ್ಟವಾಯಿತು. ಅಲ್ಲೇ ಬಿದ್ದಿದ್ದ ಉಪ್ಪುಕಾಗದದಿಂದ ಉಜ್ಜಿದ. ಕಲ್ಲು ಹೊಸ ಮದುಮಗನಂತೆ ಹೊಳೆಯಿತು, ಬರಹ ಹೊಲಿಸಿದ ಜರಿಯಂತೆ ಕೂತಿತು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಎದುರುಮನೆ ವೆಂಕಟಲಕ್ಷ್ಮಮ್ಮ, ಬಕೆಟ್ ತುಂಬ ಒಗೆದ ಬಟ್ಟೆಯೊಡನೆ. ಅವರ ಮನೆಗೆ ತಾರಸಿ ಇರಲಿಲ್ಲ. ಇಡೀ ಬೀದಿಯ ಸುದ್ದಿ ಇತ್ತು.

ಸೇತುರಾಮ ಗುಂಡಿಗೆ ಟವೆಲ್ ಸುತ್ತಿ ಎದೆಗೆ ಅವಚಿಕೊಂಡ.

“ಯಾರ ಮಗು ಸಾರ್ ಅದು?”

“ಮ... ಮಲಗಿದೆ,” ಎಂದು ಅವನ ಬಾಯಿಂದ ಬಂದುಬಿಟ್ಟಿತು.

“ಅಯ್ಯೋ, ಕೀರ್ತನಾ ಕೂಸಾ? ಈ ಇಬ್ಬನೀಲಿ, ತಲೆಗೆ ಟೋಪಿನೂ ಇಲ್ದೆ? ಎಲ್ಲಿ, ಮುಖ ತೋರ್ಸಿ.”

“ಶ್! ಈಗ ತಾನೆ ಕಣ್ಮುಚ್ಚಿದೆ.” ಸೇತುರಾಮ ಹತ್ತು ಕೆಜಿ ಕಲ್ಲನ್ನು ತೂಗತೊಡಗಿದ.

“ಬಾಣಂತಿಗೆ ಬುದ್ಧಿ ಬೇಡ್ವಾ!” ಎಂದು ವೆಂಕಟಲಕ್ಷ್ಮಮ್ಮ ಬಕೆಟ್ ಅಲ್ಲೇ ಕುಕ್ಕಿ, ಕೀರ್ತನಾಳನ್ನು ಬೈಯಲು ಮುಂಬಾಗಿಲಿನ ಕಡೆ ಇಳಿದರು. ಸೇತುರಾಮ ಹಿಂದಿನ ಕಬ್ಬಿಣದ ಮೆಟ್ಟಿಲು ಹಿಡಿದು ಅಂಗಳಕ್ಕೆ ಬಂದು, ಗುಂಡನ್ನು ಬರಹ ಕೆಳಗಾಗುವಂತೆ ಒರಳಿಗೆ ಇಳಿಸಿದ. ಒಳಗೆ ಗದ್ದಲ ಕೇಳುತ್ತಿತ್ತು.

“ನನ್ನ ಮಗು ಇಲ್ಲೇ ಇದೆಯಲ್ಲ ಆಂಟಿ, ನೋಡಿ!”

“ಹಂಗಾದ್ರೆ ಮೇಲಿರೋದು ಯಾರ್ದು?”

ಎಲ್ಲರೂ ತಾರಸಿಗೆ ಓಡಿದರು. ಅಲ್ಲಿ ಬಕೆಟ್ ಮಾತ್ರ ಇತ್ತು. ಸೇತುರಾಮನ ಕೈಯಲ್ಲಿದ್ದದ್ದು ಬರೀ ಟವೆಲ್ ಇರಬೇಕು, ವೆಂಕಟಲಕ್ಷ್ಮಮ್ಮನಿಗೆ ಕನ್ನಡಕದ ನಂಬರ್ ಬದಲಾಗಿದೆ ಎಂದು ತೀರ್ಮಾನವಾಯಿತು. ಸೇತುರಾಮ ಸ್ನಾನಮಾಡಿ, ಬಿಳಿ ಪಂಚೆ ಉಟ್ಟು, ಸತ್ಯವತಿಯ ಹಿಂದೆ ಕೆಳಗೆ ಬಂದು ಮೂಲೆಯ ಕುರ್ಚಿಯಲ್ಲಿ ಕೂತ. ಅರಿಶಿನ ದಪ್ಪಗೆ ಹಚ್ಚಲಿ, ತಳ ನೋಡದೆ ಹಚ್ಚಲಿ ಎಂದು ಮನೆದೇವರಿಗೆ ಹೇಳಿಕೊಂಡ.

ದೇವರಿಗೆ ಕೇಳಿಸುವ ಮೊದಲು ವೆಂಕಟಲಕ್ಷ್ಮಮ್ಮ, ಒಳಗೆ ತಂದಿಟ್ಟಿದ್ದ ಗುಂಡನ್ನು ಮಗುಚಿದ್ದರು.

“ಅಯ್ಯಯ್ಯೋ! ಮಾಟ! ಬನ್ರೇ ಇಲ್ಲಿ! ‘ಉಸಿರು ಬಿಡು’ ಅಂತ ಬರ್ದವ್ರೆ! ಕೂಸಿನ ತೊಟ್ಲಿಗೆ ಹಾಕೋ ಕಲ್ಲಿನ ಮೇಲೆ!”

ಕೀರ್ತನಾ ಮಗುವನ್ನು ಬಿಗಿಯಾಗಿ ಅಪ್ಪಿಕೊಂಡಳು. ಸತ್ಯವತಿಯ ಮುಖ ಎಲ್ಲರಿಗಿಂತ ಮೊದಲು ಬಿಳಿಚಿತು. ರಾತ್ರಿ ಗಂಡನ ಮೂಗಿನ ಬಳಿ ಬೆರಳಿಡುವ ಅವಳಿಗೆ ಆ ಎರಡು ಮಾತು ಬೇರೆಯೇ ಆಗಿ ಕೇಳಿಸಿತು. ಅದನ್ನು ಕಂಡು ಸೇತುರಾಮ ಹೇಳಿಬಿಡೋಣ ಎಂದು ಬಾಯಿ ತೆರೆದ. ಅಷ್ಟರಲ್ಲಿ ಮುನಿಲಕ್ಷ್ಮಮ್ಮ, “ಬರ್ದೋನ ಕೈ ಸೇದೋಗ! ಯಾರಾದ್ರೂ ಸರಿ, ಇವತ್ತೇ ಈ ಮನೆಯಿಂದ ಆಚೆಗೆ!” ಎಂದರು. ಅವನು ಬಾಯಿ ಮುಚ್ಚಿದ.

“ಮೊದ್ಲು ಆ ಕಲ್ಲನ್ನ ಆಚೆಗೆ ಹಾಕ್ರೋ!” ಎಂದು ಮುನಿಲಕ್ಷ್ಮಮ್ಮ ಮತ್ತೆ ಕೂಗಿದರು.

ಯಾರೂ ಮುಟ್ಟಲಿಲ್ಲ. ಕೊನೆಗೆ ಕೀರ್ತನಾಳ ಗಂಡ ಮೋಹನ್ ಕುಮಾರ್, “ಜಿಮ್ಮಲ್ಲಿ ಇದರ ಅಪ್ಪನ್ನ ಎತ್ತೀನಿ” ಎಂದು ರೇಷ್ಮೆ ಪಂಚೆ ಸಿಕ್ಕಿಸಿ, ನಿಂತಲ್ಲಿಂದಲೇ ನಡು ಬಗ್ಗಿಸಿ ಎಳೆದ. ‘ಅಮ್ಮಾ’ ಎಂದು ಅರ್ಧಚಂದ್ರನಾಗಿ ಹಾಗೇ ನಿಂತ.

ಸಾಕ್ಷಿ ಸಾಗಿಸಲು ಇದೇ ಸಮಯ ಎಂದು ಸೇತುರಾಮ ಎದ್ದ. ಕಾಲು ಅಗಲಿಸಿದ. ಬೆನ್ನು ನೆಟ್ಟಗಿಟ್ಟು ಮಂಡಿ ಮಡಚಿದ. ಗುಂಡನ್ನು ಮೈಗೆ ಒತ್ತಿಕೊಂಡು, ತೊಡೆಯ ಬಲದ ಮೇಲೆ ಮೇಲೆದ್ದ. ಗುಂಡು ತೆಂಗಿನಕಾಯಿಯಂತೆ ಎದೆಗೆ ಬಂತು. ಬರಹ ಕಣ್ಣಿಗೆ ಬಿತ್ತು. ಬರೆದದ್ದನ್ನು ಮಾಡುವ ಮನುಷ್ಯ ಅವನು.

“ಹೂ...ಫ್.”

ವೆಂಕಟಲಕ್ಷ್ಮಮ್ಮನ ಬೆರಳು ನಿಧಾನವಾಗಿ ಮೇಲೆದ್ದಿತು. “ನೋಡ್ರೇ... ಉಸಿರು ಬಿಟ್ರು!” ಆಮೇಲೆ ಇನ್ನೂ ಜೋರಾಗಿ, “ಹಿಂಗೇ ಹಿಡ್ಕೊಂಡಿದ್ರು! ಬೆಳಗ್ಗೆ ತಾರಸೀಲಿ ತೂಗ್ತಾ ಇದ್ದಿದ್ದು ಇದೇ ಕೂಸು!”

ಸೇತುರಾಮ ಗುಂಡು ಹೊತ್ತೇ ಎಲ್ಲ ಹೇಳಿದ. ಬಿಪಿ, ಬಾಟಲಿ, ಅಕ್ಕಿ ಚೀಲ, ಮಾರ್ಕರ್. ಮುನಿಲಕ್ಷ್ಮಮ್ಮ ಸೊಂಟದ ಮೇಲೆ ಕೈಯಿಟ್ಟು ಕೇಳಿದರು.

“ಅದಕ್ಕೇಯ, ಬೆಳಗಾದ್ರೆ ಮೇಲೆ ಹೂ ಹೂ ಅಂತಿದ್ದದ್ದು! ಗೂಬೆ ಸೇರ್ಕಂಡೈತೆ ಅಂತ ಎಲ್ಡು ಕಿತ ಶಾಂತಿ ಮಾಡಿಸ್ದೆ!” ಎಂದವರು ಸತ್ಯವತಿಯ ಕಡೆ ನೋಡಿದರು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಅಜ್ಜಿಯ ದನಿ ಇಳಿಯಿತು. “ಹೋಗ್ಲಿ ಬುಡಿ, ಜೀವ ಉಳಿಸ್ಕೊಳಕ್ಕೆ ತಾನೆ ಎತ್ತಿದ್ದು. ಆದ್ರೆ ಈ ಬರ್ಹ ಇಟ್ಕಂಡು ಮಲಗ್ಸೋದು ಎಂಗೆ?”

“ಅಳಿಸಕ್ಕಾಗಲ್ಲ ತಾನೆ? ಸೇರಿಸೋಣ ಅಜ್ಜಿ,” ಎಂದಳು ಕೀರ್ತನಾ. ಮಾರ್ಕರ್ ತರಿಸಿಕೊಂಡಳು. ‘ಡು’ ಅಕ್ಷರದ ಕೊಂಬಿನ ಮೇಲೆ ಗಟ್ಟಿಯಾಗಿ ಒಂದು ಕುಂಕುಮದ ಬೊಟ್ಟಿಟ್ಟಳು. ಪಕ್ಕದಲ್ಲಿ ದುಂಡಗೆ ‘ಬೇಡ’ ಎಂದು ಬರೆದಳು.

ಉಸಿರು ಬಿಡಬೇಡ.

“ಆಹಾ! ನೂರು ವರ್ಷ ಆಯಸ್ಸು!” ಎಂದರು ವೆಂಕಟಲಕ್ಷ್ಮಮ್ಮ, ತಾವೇ ಬರೆದವರಂತೆ.

ಆದರೂ ಆ ಕಲ್ಲನ್ನು ಮುಟ್ಟಲು ಯಾವ ಹೆಂಗಸೂ ಮುಂದೆ ಬರಲಿಲ್ಲ. “ಕೆಡಿಸ್ದೋರೇ ಹಿಡೀಲಿ” ಎಂದು ಮುನಿಲಕ್ಷ್ಮಮ್ಮ ತೀರ್ಪು ಕೊಟ್ಟರು. ಹೀಗಾಗಿ ತೊಟ್ಟಿಲು ಸುತ್ತುವರಿದ ಇಪ್ಪತ್ತು ಹೆಂಗಸರ ನಡುವೆ ಒಬ್ಬನೇ ಗಂಡಸಾಗಿ ಸೇತುರಾಮ, ಕುಲಾವಿ ತೊಟ್ಟ ಗುಂಡನ್ನು ತೊಟ್ಟಿಲ ಕೆಳಗಿಂದ ಮೂರು ಸಲ, ಮೇಲಿಂದ ಮೂರು ಸಲ ದಾಟಿಸಿದ. ಹಾಡು ಮುಗಿಯುವವರೆಗೆ ಹೊತ್ತು ನಿಂತ. ವಿಡಿಯೋದವನು ಫೋಕಸ್ ತಪ್ಪಿತೆಂದು ಮತ್ತೊಮ್ಮೆ ಮಾಡಿಸಿದ. ತಡವಾಗಿ ಬಂದ ಅತ್ತೆಯರಿಗಾಗಿ ಇನ್ನೊಮ್ಮೆ. ಪ್ರತಿ ಸಲವೂ ಅವನ ಮೂಗಿನ ಮುಂದೆ, ಅರಿಶಿನದ ನಡುವೆ, ಆ ದುಂಡನೆಯ ಅಕ್ಷರಗಳು.

ಸಂಜೆ ಆರಕ್ಕೆ ಡಾಕ್ಟರ್ ರಾಗಿಣಿ ಪಟ್ಟಿ ಸುತ್ತಿ ನೋಡಿದರು. ನೂರ ಮೂವತ್ತಾರು.

“ಪರವಾಗಿಲ್ವೇ!” ಎಂದರು. ಸತ್ಯವತಿ ಕುರ್ಚಿಗೆ ಒರಗಿದಳು. “ಹೀಗೇ ಮುಂದುವರಿದ್ರೆ ಎರಡನೇ ಮಾತ್ರೆ ಬೇಡ. ಎಲ್ಲಿ, ಸರಿಯಾಗಿ ಎತ್ತುತ್ತೀರಾ ನೋಡೋಣ.” ಮೇಜಿನ ಕೆಳಗಿಂದ ಒಂದು ಡಂಬೆಲ್ ಕೊಟ್ಟರು.

ಸೇತುರಾಮ ಕಾಲು ಅಗಲಿಸಿದ. ಬೆನ್ನು ನೆಟ್ಟಗೆ. ಮಂಡಿ ಸರಿ. ಎತ್ತಿದ. ಇನ್ನೊಮ್ಮೆ. ಮತ್ತೊಮ್ಮೆ. ಎಂಟನೆಯದಕ್ಕೆ ಕಿವಿ ಕೆಂಪಾಯಿತು, ಹತ್ತನೆಯದಕ್ಕೆ ಹಣೆಯ ನರ ಹಗ್ಗದಂತೆ ಉಬ್ಬಿತು. ಡಾಕ್ಟರ್ ಎದ್ದುನಿಂತರು, ಡಂಬೆಲ್ ಕಸಿದುಕೊಂಡು ಮತ್ತೆ ಪಟ್ಟಿ ಸುತ್ತಿದರು. ನೂರ ಅರವತ್ತೆರಡು.

“ಸೇತುರಾಮ್ ಅವರೇ, ಮೊದಲನೇ ದಿನ ನಾನು ಏನು ಹೇಳಿದ್ದೆ? ಮುಖ್ಯವಾದದ್ದು?”

ಸೇತುರಾಮ ಕಣ್ಣು ಮುಚ್ಚಿ ನೆನಪಿಸಿಕೊಂಡ. ಬರಹ ಕಣ್ಣಿಗೆ ಕಟ್ಟಿದಂತೆ ಕಂಡಿತು; ಕುಂಕುಮದ ಬೊಟ್ಟು ಸಹ.

“ಉಸಿರು ಬಿಡಬೇಡ ಅಂತ ಮೇಡಂ.”

ಡಾಕ್ಟರ್ ಎರಡನೆಯ ಮಾತ್ರೆಯ ಹೆಸರು ಬರೆಯತೊಡಗಿದರು.