ಎಂಟು ಗಂಟೆಗೆ ಸತ್ತ ಜಿಮ್ಮಿ

ಕತ್ತೆಗಾಡಿಯಲ್ಲಿ ನೀರು ಮಾರುತ್ತಿದ್ದ ಗಿಚುಕಿ ಭಾನುವಾರ ಸತ್ತ. ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ವಾರು ಎಫ್‌ಎಂ ಅವನ ಹೆಸರು ಓದಲಿಲ್ಲ. ಅಮೆರಿಕದ ದನಗಾಹಿಗಳ ಕಂಟ್ರಿ ಹಾಡು ಹಾಕಿತು.

ವಾರು ಎಂದರೆ ಆಲೂಗಡ್ಡೆ. ನ್ಯಾಂಡಾರುವದ ಆ ಚಳಿಯೂರಲ್ಲಿ ಬೆಳೆಯುವುದೂ ಅದೇ, ತಿನ್ನುವುದೂ ಅದೇ, ರೇಡಿಯೋಗೂ ಅದೇ ಹೆಸರು. ಉಳ್ಳವರು ಸತ್ತರೆ ನೈರೋಬಿಯ ಪತ್ರಿಕೆಯಲ್ಲಿ ಬಣ್ಣದ ಫೋಟೋ ಬರುತ್ತಿತ್ತು. ಮಿಕ್ಕವರು ವಾರು ಎಫ್‌ಎಂನಲ್ಲಿ ಸಾಯುತ್ತಿದ್ದರು. ಬದುಕಿದ್ದಾಗ ಯಾರೂ ಕರೆಯದ ಪೂರ್ತಿ ಹೆಸರು, ಅಪ್ಪನ ಹೆಸರಿನ ಸಮೇತ, ಒಂದೇ ಒಂದು ಸಲ ಗಾಳಿಯಲ್ಲಿ ಹೋಗುತ್ತಿತ್ತು. ಅದನ್ನು ಕೇಳಿದ ಮೇಲೆಯೇ ಜನ ಸಕ್ಕರೆ, ಹಿಟ್ಟು ಹಿಡಿದುಕೊಂಡು ಆ ಮನೆಗೆ ಹೊರಡುವುದು. ಓದದಿದ್ದರೆ ಸತ್ತ ಲೆಕ್ಕವೇ ಅಲ್ಲ.

ಓದುತ್ತಿದ್ದವನು ಗಥೋಗೊ. ಅವನ ದನಿ ಒದ್ದೆ ಕಂಬಳಿಯಂತೆ ಕೇಳಿದವರ ಮೇಲೆ ಬೀಳುತ್ತಿತ್ತು. ಮಾಂಸದಂಗಡಿಯಲ್ಲಿ ಅವನು "ಅರ್ಧ ಕೆಜಿ ಕೊಡಿ" ಎಂದರೂ ಹಿಂದೆ ನಿಂತವರು ಟೋಪಿ ತೆಗೆಯುತ್ತಿದ್ದರು. ಯಾವುದೋ ಮದುವೆಯಲ್ಲಿ ಶುಭ ಕೋರಲು ಮೈಕ್ ಕೊಟ್ಟಾಗ ಮದುಮಗಳ ತಾಯಿ ಎಚ್ಚರ ತಪ್ಪಿದ್ದಳು.

ಆ ಸೋಮವಾರ ಅವನು ಬಂದಾಗ ಸ್ಟುಡಿಯೋದ ಗೋಡೆಯ ಮೇಲೆ ಹೊಸ ಆಜ್ಞೆ ಅಂಟಿತ್ತು: "ಇನ್ನು ಮುಂದೆ ಸತ್ತವರ ಹೆಸರು ಓದತಕ್ಕದ್ದಲ್ಲ." ಕೆಳಗೆ ಒಡೆಯ ವಂಬುಗು ಒಂದು ಅಗಲ ಟೋಪಿ, ಒಂದು ಜೊತೆ ಚೂಪು ಮೂತಿಯ ಬೂಟು ಹಿಡಿದು ನಿಂತಿದ್ದ.

"ಹಾಕ್ಕೊಳಯ್ಯಾ. ಇವತ್ತಿಂದ ನಾವು ಕಂಟ್ರಿ ಸ್ಟೇಷನ್ನು. ಟೋಪಿ ಕಂಪನಿಯೋರು ಜಾಹೀರಾತು ಕೊಡ್ತಾರೆ."

"ಬಾಸ್, ಕಂಟ್ರಿ ಹಾಡು ನಮ್ಮೋರಿಗೂ ಇಷ್ಟವೇ. ಶನಿವಾರ ಬಾರಲ್ಲಿ ಅತ್ಕೊಂಡು ಕೇಳ್ತಾರೆ. ಆದ್ರೆ ಬೆಳಿಗ್ಗೆ ಎಂಟು ಗಂಟೆ ಸತ್ತವರದ್ದು. ಗಿಚುಕಿ ಒಬ್ಬಂದು ಓದಿಬಿಡ್ತೀನಿ."

"ಸತ್ತವರು ಟೋಪಿ ಕೊಳ್ತಾರೇನಯ್ಯಾ?"

ಗಥೋಗೊ ಯೋಚಿಸಿದ. ಇಲ್ಲ, ಕೊಳ್ಳುವುದಿಲ್ಲ.

"ಮತ್ತೆ! ಹಾಡು ಇಂಗ್ಲಿಷಲ್ಲಿರುತ್ತೆ. ಅಜ್ಜಿಯರಿಗೆ ತಿಳಿಯೋ ಹಾಗೆ ನಮ್ಮ ಭಾಷೇಲಿ ಕತೆ ಹೇಳು. ಮಧ್ಯಾಹ್ನ ಟೋಪಿ ಸಾಹೇಬರು ಖುದ್ದಾಗಿ ಬರ್ತಾರೆ. ಒಬ್ಬ ಕೇಳುಗ ಗೊಣಗಿದ್ದು ಅವರ ಕಿವಿಗೆ ಬಿದ್ರೂ ನೀನು ಮನೆಗೆ."

ಗಥೋಗೊ ಬೂಟಿನೊಳಗೆ ಕಾಲು ತುರುಕಿದ. ಕಾಲು ಹೋಯಿತು, ವಾಪಸು ಬರುವ ಲಕ್ಷಣ ಕಾಣಲಿಲ್ಲ. ಎಂಟು ಹೊಡೆಯಿತು. ಗೊತ್ತಿದ್ದ ಒಂದೇ ದನಿಯಲ್ಲಿ ಅವನು ಹಾಡಿನ ಕತೆ ಹೇಳಿದ:

"ಜಿಮ್ಮಿ. ರೈಲ್ವೆ ಕೂಲಿಯೊಬ್ಬನ ಮಗ. ಹೆಂಡತಿ ಬಿಟ್ಟುಹೋದಳು. ಕುಡಿತ ಹಿಡಿಯಿತು. ನಿನ್ನೆ ರಾತ್ರಿ ಅವನ ಟ್ರಕ್ಕು ಗುಡ್ಡದಿಂದ ಉರುಳಿತು. ಗುಡ್ಡದ ಮೇಲಿನ ಮನೆಯಲ್ಲಿ ಮುದಿ ತಾಯಿ ಇನ್ನೂ ದೀಪ ಹಚ್ಚಿಟ್ಟು ಕಾಯುತ್ತಿದ್ದಾಳೆ. ನಾಯಿಯನ್ನು ಅಗಲಿದ್ದಾನೆ."

ಹಾಡು ಶುರುವಾಯಿತು. ಊರು ಅದನ್ನು ಕೇಳಲಿಲ್ಲ. ಊರು ಆಗಲೇ ಸಕ್ಕರೆ ಕಟ್ಟುತ್ತಿತ್ತು.

ಮೊದಲು ಬಂದವಳು ವಾಂಗೆಚಿ ಅಜ್ಜಿ, ಗಿಚುಕಿಯ ಹೆಂಡತಿ. ಕಂಕುಳಲ್ಲಿ ಚಹಾದ ಫ್ಲಾಸ್ಕು, ಕೈಯಲ್ಲಿ ಸಕ್ಕರೆ ಪೊಟ್ಟಣ.

"ನಮ್ಮೆಜಮಾನ್ರ ಹೆಸರು ಯಾಕೆ ಓದ್ಲಿಲ್ಲ ಅಂತ ಕೇಳೋಕೆ ಹೊರಟೆ ಮಗಾ. ಬಾಗಿಲು ದಾಟೋಷ್ಟರಲ್ಲಿ ಈ ಜಿಮ್ಮಿ ಸುದ್ದಿ. ಮುದಿ ತಾಯಿ ಅಂದ್ಯಲ್ಲ, ಎಲ್ಲಿದ್ದಾಳೆ ಪಾಪ?"

"ಅಜ್ಜೀ, ಜಿಮ್ಮಿ ಅಂತ ಯಾರೂ ಇಲ್ಲ. ಅದು ಹಾಡು."

"ಹಾಡಲ್ಲಿ ಸತ್ತನೋ ಇಲ್ವೋ?"

"ಹಾಡಲ್ಲಿ... ಸತ್ತ."

"ಮತ್ತಿನ್ನೇನು? ತಾಯಿ ಎಲ್ಲಿ ಹೇಳು, ಚಹಾ ಆರುತ್ತೆ."

ಅಷ್ಟರಲ್ಲಿ ಕಿಹಾರ ಬಂದ. ಶಾಮಿಯಾನ, ಕುರ್ಚಿ ಬಾಡಿಗೆಗೆ ಕೊಡುವವನು. ಆ ಕಾರಣಕ್ಕೇ ಊರಿನ ಪ್ರತಿ ಶವಸಂಸ್ಕಾರ ಸಮಿತಿಗೂ ಅಧ್ಯಕ್ಷ. ಅವನ ಹಿಂದೆ ಆಲೂಗಡ್ಡೆ ಮೂಟೆ, ಎಲೆಕೋಸು, ದೊಡ್ಡ ಹಂಡೆ ಹೊತ್ತ ಜನ. ಜಿಮ್ಮಿಯ ಮನೆ ಯಾವುದೆಂದು ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಎಲ್ಲರೂ ನೆಟ್ಟಗೆ ರೇಡಿಯೋ ಅಂಗಳಕ್ಕೇ ಬಂದಿದ್ದರು.

ಒಬ್ಬರನ್ನು ಗದರಿಸಿ ಕಳಿಸಿದರೂ ಗೊಣಗುತ್ತಾರೆ. ಗೊಣಗಿದರೆ ಕೆಲಸ ಹೋಗುತ್ತದೆ. ಗಥೋಗೊ ಕುಂಟುತ್ತ ಮೈಕಿಗೆ ಓಡಿದ. "ಕೇಳುಗರ ಗಮನಕ್ಕೆ. ಜಿಮ್ಮಿ ನಮ್ಮೂರಿನವನಲ್ಲ. ಅವನು ಅಮೆರಿಕದಲ್ಲಿ—"

ಅಷ್ಟಕ್ಕೆ ಒಂಬತ್ತು ಹೊಡೆಯಿತು, ಕಂಪ್ಯೂಟರು ತಾನೇ ಟೋಪಿ ಜಾಹೀರಾತು ಹಾಕಿತು.

ಧ್ವನಿವರ್ಧಕ ಕಟ್ಟಿದ್ದ ಅಂಗಳದಲ್ಲಿ ಒಂದು ದೊಡ್ಡ ನಿಟ್ಟುಸಿರು ಎದ್ದಿತು. ಅಮೆರಿಕದಲ್ಲಿ! ಹೆಣ ಪರದೇಶದಲ್ಲಿದೆ! ಅಲ್ಲಿ ಸತ್ತವನನ್ನು ತಂದು ನಮ್ಮ ಮಣ್ಣಿಗೆ ಹಾಕುವುದು ಒಂದಿಬ್ಬರಿಂದ ಆಗುವ ಕೆಲಸವಲ್ಲ. ಶಾಮಿಯಾನ ಒಂದಿದ್ದದ್ದು ಮೂರಾಯಿತು. ಖಜಾಂಚಿ ಯಾರಾಗಬೇಕೆಂದು ಇಬ್ಬರು ಕೈ ಕೈ ಮಿಲಾಯಿಸಿದರು. ನಡುಮಧ್ಯಾಹ್ನದ ಹೊತ್ತಿಗೆ ಜಿಮ್ಮಿಯ ಜೊತೆ ಶಾಲೆಯಲ್ಲಿ ಓದಿದವರು ನಾಲ್ಕೈದು ಜನ ಸಿಕ್ಕಿದರು. ಅವನು ಚಿಕ್ಕಂದಿನಿಂದಲೂ ಟ್ರಕ್ಕು ಜೋರಾಗಿ ಓಡಿಸುತ್ತಿದ್ದನೆಂದು ಒಬ್ಬ ಕಣ್ಣೊರೆಸಿಕೊಂಡ.

ಕಿಹಾರ ಕುರ್ಚಿ ಹತ್ತಿ ಕೆಲಸ ಹಂಚಿದ. "ಸೌದೆ ನೀವು ನೋಡ್ಕೊಳಿ. ನೀರಿಗೆ ಗಿಚುಕಿಗೆ ಹೇಳಿಕಳಿಸಿ."

"ಗಿಚುಕಿ ತೀರ್ಕೊಂಡ ಕಣಣ್ಣಾ," ಎಂದ ಗಥೋಗೊ.

"ಯಾರು ಹೇಳಿದ್ದು?"

"ಅವನ ಹೆಂಡತಿ ಇಲ್ಲೇ ಆಲೂಗಡ್ಡೆ ಸುಲೀತಿದ್ದಾರೆ. ಕೇಳು."

"ಗಂಡ ಒಂದಿನ ಮನೆಗೆ ಬರದಿದ್ರೆ ಹೆಂಗಸರು ಹಾಗೇ ಅನ್ನೋದು. ರೇಡಿಯೋದಲ್ಲಿ ಬಂತಾ?"

"ಇಲ್ಲ."

"ಬಂದಿದ್ರೆ ನಾನು ಕುರ್ಚಿ ಕಳಿಸ್ತಿರ್ಲಿಲ್ವಾ? ಬೆಳಿಗ್ಗೆಯಿಂದ ಒಂದು ಡಬ್ಬ ನೀರು ತಂದಿಲ್ಲ, ಸೋಮಾರಿ. ಸಿಗಲಿ ಅವನು!"

ವಾಂಗೆಚಿ ತಲೆಯೆತ್ತಲಿಲ್ಲ. "ಸಿಕ್ಕಿದ್ರೆ ನನಗೂ ಒಂದು ಮಾತು ಹೇಳಪ್ಪ," ಎಂದಳು. ಸಿಪ್ಪೆ ಉದ್ದವಾಗಿ ಇಳಿಯುತ್ತಲೇ ಇತ್ತು. ಅವಳ ಮನೆಯಲ್ಲಿ ಗಿಚುಕಿ ಒಬ್ಬನೇ ಮಲಗಿದ್ದ. ಅಳಲು ಒಬ್ಬರೂ ಹೋಗಿರಲಿಲ್ಲ. ಬೆಳಿಗ್ಗೆ ಅವಳು ಹೊರಡುವ ಮೊದಲು ಬಾಗಿಲು ತಟ್ಟಿದವರೆಲ್ಲ ನೀರು ಯಾಕೆ ಬಂದಿಲ್ಲವೆಂದು ಬೈದು ಹೋಗಿದ್ದರು. ಗಥೋಗೊ ಅದನ್ನು ಅವಳ ಬಾಯಿಂದಲೇ ಕೇಳಿ ಬೂಟಿನ ಕಡೆ ನೋಡಿಕೊಂಡ.

ಆಗ ವಂಬುಗುವಿನ ಜೀಪು ಬಂತು, ಹಿಂದೆ ಟೋಪಿ ಸಾಹೇಬನ ಕಾರು. ಮೂರು ಶಾಮಿಯಾನ, ಹೊಗೆಯಾಡುವ ಹಂಡೆ, ಅಂಗಳ ತುಂಬಿ ರಸ್ತೆಗೆ ಚೆಲ್ಲಿದ ಜನ. ವಂಬುಗು ಬಾಗಿಲು ತೆಗೆಯುವುದನ್ನೂ ಮರೆತು ಕಿಟಕಿಯಿಂದಲೇ ಇಳಿಯಲು ನೋಡಿದ.

"ಒಂದೇ ದಿನದಲ್ಲಿ ಇಷ್ಟು ಜನವೇ!" ಎಂದ ಟೋಪಿ ಸಾಹೇಬ. ಕಾರಿನಲ್ಲಿದ್ದ ಟೋಪಿಗಳನ್ನೆಲ್ಲ ಹಂಚಿಸಿದ. ಬಿಟ್ಟಿ ಟೋಪಿ ಯಾರು ಬೇಡವೆನ್ನುತ್ತಾರೆ? "ಏನಮ್ಮಾ, ನಿಮಗೆಲ್ಲ ಯಾರು ಬೇಕು?"

"ಜಿಮ್ಮಿ!" ಎಂದರು ಹೆಂಗಸರು ಮೂಗೊರೆಸಿಕೊಳ್ಳುತ್ತ.

"ಜಿಮ್ಮೀನ ಅಮೆರಿಕದಿಂದ ತರಿಸೋ ತನಕ ನಾವು ಇಲ್ಲಿಂದ ಏಳೋದಿಲ್ಲ!" ಎಂದು ಕಿಹಾರ ಗುಡುಗಿದ.

ಟೋಪಿ ಸಾಹೇಬನ ಕಣ್ಣು ತುಂಬಿ ಬಂತು. ಹಾಡುಗಾರನಿಗಾಗಿ ಇಷ್ಟು ಅಳುವ ಜನವನ್ನು ಅವನು ನೈರೋಬಿಯಲ್ಲೂ ಕಂಡಿರಲಿಲ್ಲ. ವಂಬುಗುವಿನ ಕೈ ಹಿಡಿದು ಕುಲುಕಿದ. "ಶನಿವಾರ ಜಿಮ್ಮಿ ಇಲ್ಲಿ ಹಾಡ್ಬೇಕು. ನೀವು ಕರೆಸಿ. ಕರೆಸ್ಲಿಲ್ಲ ಅಂದ್ರೆ ಈ ರೇಡಿಯೋ ನಮ್ಮ ಕಂಪನೀದು. ಒಪ್ಪಿಗೇನಾ?"

"ಒಪ್ಪಿಗೆ! ಒಪ್ಪಿಗೆ!"

"ಆಮೇಲೆ ಜ್ವರ ಬಂತು, ವಿಮಾನ ತಪ್ತು ಅಂತೆಲ್ಲ ಹೇಳೋ ಹಾಗಿಲ್ಲ. ಜಿಮ್ಮಿ ಸತ್ತರೆ ಮಾತ್ರ ವಿನಾಯಿತಿ," ಎಂದು ನಗುತ್ತ ಸಹಿ ಹಾಕಿಸಿಕೊಂಡು ಅವನು ಕಾರು ಹತ್ತಿದ.

ಕಾರು ತಿರುವಿನಲ್ಲಿ ಮರೆಯಾದ ಮೇಲೆ ವಂಬುಗು ಗಥೋಗೊನನ್ನು ತಬ್ಬಿಕೊಂಡ. "ನನ್ನಪ್ಪಾ! ಸಂಬಳ ಹೆಚ್ಚಿಸ್ತೀನಿ. ಈ ಜಿಮ್ಮಿ ಅಮೆರಿಕದಲ್ಲಿ ಎಲ್ಲಿರ್ತಾನೆ?"

"ಬಾಸ್, ಅವನು ಎರಡನೇ ಚರಣದಲ್ಲೇ ಸತ್ತ."

"ಅದು ಹಾಡಲ್ಲಿ. ಹಾಡೋನು?"

"ಹಾಡೋನ ಹೆಸರು ಬೇರೆ. ಜಿಮ್ಮಿ ಅಂತ ಯಾರೂ ಹುಟ್ಟೇ ಇಲ್ಲ. ಇವರೆಲ್ಲ ಬಂದಿರೋದು ಅವನನ್ನ ಹೂಳೋಕೆ."

ವಂಬುಗು ಶಾಮಿಯಾನವನ್ನು ನೋಡಿದ, ಹಂಡೆಯನ್ನು ನೋಡಿದ, ಮುಖ ಬೇಯಿಸಿದ ಎಲೆಕೋಸಿನ ಬಣ್ಣಕ್ಕೆ ತಿರುಗಿತು. ಆಮೇಲೆ ಅವನ ತಲೆಯಲ್ಲಿ ಏನೋ ಹೊಳೆಯಿತು. ಗಥೋಗೊನ ತೋಳು ಹಿಡಿದು ಸ್ಟುಡಿಯೋದೊಳಗೆ ಎಳೆದುಕೊಂಡು ಹೋದ.

"ಸತ್ತರೆ ವಿನಾಯಿತಿ ಅಂದ್ನಲ್ಲ! ಕಾರಲ್ಲಿ ನಮ್ಮ ರೇಡಿಯೋನೇ ಹಾಕ್ಕೊಂಡು ಹೋಗ್ತಿದ್ದಾನೆ. ಕಣಿವೆ ದಾಟಿದ್ರೆ ಕೇಳ್ಸಲ್ಲ. ಕೂತ್ಕೊ, ಓದು. ಜಿಮ್ಮಿ ಈಗ ತಾನೇ ತೀರ್ಕೊಂಡ ಅಂತ. ನಿನ್ನ ಆ ಹಳೇ ದನೀಲೇ ಓದು. ಅಪ್ಪನ ಹೆಸರು, ಊರು, ಎಲ್ಲ ಸೇರಿಸು."

ಗಥೋಗೊ ಗೋಡೆಯ ಆಜ್ಞೆಯನ್ನು ತೋರಿಸಿದ.

ವಂಬುಗು ಅದನ್ನು ಕಿತ್ತು ಮುದ್ದೆ ಮಾಡಿ ಜೇಬಿಗೆ ಹಾಕಿಕೊಂಡ. "ಈಗ ಓದು."

"ಸರಿ ಬಾಸ್. ಮೊದಲು ಗಿಚುಕಿದು. ಅವನು ನಿನ್ನೆಯಿಂದ ಕಾಯ್ತಿದ್ದಾನೆ. ಆಮೇಲೆ ಜಿಮ್ಮಿ."

"ನೀರು ಮಾರೋನ ಹೆಸರು ಮಧ್ಯದಲ್ಲಿ ಬಂದ್ರೆ ಟೋಪಿ ಸಾಹೇಬ ಇದೇನು ಸಂತೆ ಅಂತಾನೆ. ಬರೀ ಜಿಮ್ಮಿ. ಅವನೊಬ್ಬನೇ."

"ಜಿಮ್ಮಿ ಹುಟ್ಟೇ ಇಲ್ಲ ಬಾಸ್. ಗಿಚುಕಿ ಬದುಕಿದ್ದ."

"ಬುದ್ಧಿ ಹೇಳ್ಬೇಡ. ಓದಿದ್ರೆ ಸಂಬಳ ಜಾಸ್ತಿ, ಓದದಿದ್ರೆ ಇವತ್ತೇ ಮನೆಗೆ."

ವಂಬುಗು ಗುಂಡಿ ಒತ್ತಿದ. ಕೆಂಪು ದೀಪ ಹತ್ತಿತು. ಗಥೋಗೊ ಮೇಜಿನ ಕೆಳಗೆ ಬೂಟು ಕಳಚಲು ಇನ್ನೊಮ್ಮೆ ನೋಡಿದ, ಅದು ಬರಲಿಲ್ಲ. ಕಿಟಕಿಯಾಚೆ ವಾಂಗೆಚಿ ಚಾಕು ಕೆಳಗಿಟ್ಟು ಧ್ವನಿವರ್ಧಕದ ಕಡೆ ಮುಖ ಎತ್ತಿದ್ದಳು. ಅವನು ಗಂಟಲು ಸರಿಮಾಡಿಕೊಂಡ. ಆ ಸದ್ದಿಗೇ ಅಂಗಳದ ತುಂಬ ಹೊಸ ಟೋಪಿಗಳು ಒಟ್ಟಿಗೆ ತಲೆಯಿಂದ ಇಳಿದವು.

"ಹುಟ್ಟೇ ಇಲ್ಲದವನ್ದು ಓದಲ್ಲ ಬಾಸ್," ಎಂದ.